ಮೂರಡಿ ಬೆಳಕು

ಬಿ.ದುರ್ಗ ಹೋಬಳಿಯ ಹುಲ್ಲೇನಹಟ್ಟಿಯಲ್ಲಿ ಬೆಳಗಿನ ನಾಲ್ಕೂವರೆಗೆ ಎದ್ದು ಬೀದಿಗಿಳಿಯುವ ಮನುಷ್ಯ ಒಬ್ಬನೇ, ನೀರುಗಂಟಿ ಸಣ್ಣತಿಮ್ಮಪ್ಪ. ಊರಿನ ಐದು ಬೀದಿಗಳಿಗೆ ಸರದಿಯ ಮೇಲೆ ನಲ್ಲಿ ನೀರು ಬಿಡುವುದು ಅವನ ಕೆಲಸ. ಹದಿನೆಂಟು ವರ್ಷದಿಂದ ಬಿಡುತ್ತಿದ್ದಾನೆ. ನೀರು ಹೊತ್ತಿಗೆ ಸರಿಯಾಗಿ ಬಂದ ದಿನ ಅವನನ್ನು ಯಾರೂ ನೆನೆಯುವುದಿಲ್ಲ. ಹತ್ತು ನಿಮಿಷ ತಡವಾದ ದಿನ ಮಾತ್ರ ಅವನ ಹೆಸರು ಐದು ಬೀದಿಯಲ್ಲೂ ಕೇಳಿಸುತ್ತದೆ, ಜೊತೆಗೆ ತೀರಿಹೋದ ಅವರಪ್ಪನ ಹೆಸರೂ. ಇದಕ್ಕೆಲ್ಲ ಅವನು ಎಂದೋ ಒಗ್ಗಿಹೋಗಿದ್ದ. ಒಗ್ಗದೆ ಉಳಿದದ್ದು ಒಂದೇ, ಮೂರನೇ ಗುಂಡಿ.

ಐದು ಬೀದಿಗೆ ಐದು ವಾಲ್ವ್ ಗುಂಡಿಗಳು. ನಾಲ್ಕಕ್ಕೆ ಉದ್ದನೆಯ ಕಬ್ಬಿಣದ ಕೀಲಿ ಇದೆ; ಮೇಲೆ ನಿಂತುಕೊಂಡೇ ತಿರುಗಿಸಿ ಮುಂದಕ್ಕೆ ಹೋಗಬಹುದು. ಮೂರನೇ ಗುಂಡಿಯ ವಾಲ್ವಿನ ತಲೆ ಸವೆದು ಕೀಲಿ ಕಚ್ಚುವುದಿಲ್ಲ. ಅಲ್ಲಿ ಮಂಡಿಯೂರಿ ಬಗ್ಗಿ, ಭುಜದವರೆಗೆ ತೋಳು ಇಳಿಬಿಟ್ಟು, ಚಕ್ರವನ್ನು ಕೈಯಲ್ಲೇ ಹಿಡಿದು ತಿರುಗಿಸಬೇಕು. ಗುಂಡಿಯಲ್ಲಿ ಸದಾ ತೇವ, ತೇವಕ್ಕೆ ಕಪ್ಪೆ, ಕಪ್ಪೆಗೆ ಹಾವು. ನಾಲ್ಕು ವರ್ಷದ ಹಿಂದೆ ಕತ್ತಲಲ್ಲಿ ಎಡಗೈ ಇಳಿಬಿಟ್ಟಾಗ ಕೊಳಕುಮಂಡಲ ಕಚ್ಚಿತು. ದುರ್ಗದ ಜಿಲ್ಲಾ ಆಸ್ಪತ್ರೆಯಲ್ಲಿ ಹದಿನೇಳು ದಿನ ಮಲಗಿ ಜೀವ ಉಳಿಸಿಕೊಂಡು ಬಂದ. ಆದರೆ ಎಡಗೈಯ ಮೂರು ಬೆರಳು ಅಂದಿನಿಂದ ಮಡಚುವುದಿಲ್ಲ. ಆ ಕೈ ಈಗ ತಟ್ಟೆ ಹಿಡಿಯುತ್ತದೆ, ಹಗ್ಗ ಹಿಡಿಯುವುದಿಲ್ಲ. ವಾಲ್ವಂತೂ ದೂರದ ಮಾತು.

ಊರಿಗೆ ಬಂದ ದಿನವೇ ಹೆಂಡತಿ ಉಚ್ಚಂಗಮ್ಮ ಅವನನ್ನು ದೇವರ ಗೂಡಿನ ಮುಂದೆ ನಿಲ್ಲಿಸಿ ಮಾತು ತೆಗೆದುಕೊಂಡಳು. ಬೆಳಕಿಲ್ಲದೆ ಆ ಗುಂಡಿಗೆ ಕೈ ಹಾಕಕೂಡದು. “ಇನ್ನೊಂದು ಕೈ ಐತೆ. ಅದೊಂದೇ ಐತೆ, ನೆನಪಿರ್ಲಿ,” ಅಂದಳು. ಅವನು ಮಾತು ಕೊಟ್ಟ. ಬಾಯಲ್ಲಿ ಕೊಟ್ಟ ಮಾತಿಗಿಂತ ಹೊಟ್ಟೆಯೊಳಗೆ ಕುಳಿತ ಭಯ ದೊಡ್ಡದಾಗಿತ್ತು. ಅದನ್ನು ಮಾತ್ರ ಅವನು ಹೆಂಡತಿಗೂ ಹೇಳಲಿಲ್ಲ, ಊರಿಗೂ ಹೇಳಲಿಲ್ಲ. ಹದಿನೆಂಟು ವರ್ಷದ ನೀರುಗಂಟಿ ಗುಂಡಿಗೆ ಹೆದರುತ್ತಾನೆ ಅಂದರೆ ಹಾಲಿನ ಡೈರಿ ಮುಂದೆ ನಿಂತವರು ನಗದೆ ಇರುತ್ತಾರೆಯೇ?

ಹೀಗಾಗಿ ಅವನಿಗೆ ಒಂದು ಟಾರ್ಚು ಬೇಕಾಯಿತು. ಕೇಳಿದವರಿಗೆ ಇದೇನು ಮಹಾ ಅನ್ನಿಸಬಹುದು. ಸಣ್ಣತಿಮ್ಮಪ್ಪನಿಗೂ ಮೊದಲು ಹಾಗೇ ಅನ್ನಿಸಿತ್ತು.

ಮೊದಲು ಪಂಚಾಯ್ತಿಗೆ ಹೋಗಿ, ವಾಲ್ವಾದರೂ ಬದಲಾಯಿಸಿ ಇಲ್ಲವೇ ಟಾರ್ಚಾದರೂ ಕೊಡಿಸಿ ಅಂದ. ವಾಲ್ವನ್ನು ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಸೇರಿಸಿದರು. ಅದು ಈಗಲೂ ಮುಂದಿನ ವರ್ಷದಲ್ಲೇ ಇದೆ. ಟಾರ್ಚಿಗೆ ಖರ್ಚು ಹಾಕಲು ಲೆಕ್ಕಶೀರ್ಷಿಕೆ ಇಲ್ಲ ಎಂದು ಗುಮಾಸ್ತೆ ನಾಗರಾಜಪ್ಪ ಪುಸ್ತಕ ತಿರುವಿ ಹೇಳಿದ. “ಬೀದಿ ದೀಪಕ್ಕೆ ಐತೆ ನೋಡು. ಬೇಕಾದ್ರೆ ಒಂದು ಬಲ್ಬು ತಗಂಡೋಗು.”

“ಬಲ್ಬು ತಗಂಡು ಏನ್ ಮಾಡ್ಲಿ ಸ್ವಾಮಿ? ಕಂಬಾನೂ ಹೊತ್ಕಂಡು ತಿರುಗ್ಲಾ?”

ನಾಗರಾಜಪ್ಪ ಅದಕ್ಕೂ ಪುಸ್ತಕ ನೋಡುವವನಂತೆ ತಲೆ ಬಗ್ಗಿಸಿದ. ಸಣ್ಣತಿಮ್ಮಪ್ಪ ಎದ್ದು ಬಂದ.

ಸ್ವಂತ ದುಡ್ಡಿನಲ್ಲಿ ಮೊದಲ ಟಾರ್ಚು ಕೊಂಡದ್ದು ಹೊಳಲ್ಕೆರೆ ಸಂತೆಯಲ್ಲಿ. ಗೋಡೆಗೆ ಸಿಕ್ಕಿಸಿ ಚಾರ್ಜ್ ಮಾಡುವಂಥದ್ದು. ಎರಡೇ ತಿಂಗಳಲ್ಲಿ ಅದರ ಪಿನ್ನು ಒಳಗೆ ಹೋಗಿ ಕುಳಿತದ್ದು ಮತ್ತೆ ಹೊರಗೆ ಬರಲಿಲ್ಲ. ಎರಡನೆಯದು ತಲೆಗೆ ಕಟ್ಟಿಕೊಳ್ಳುವುದು. ಹೊಸದುರ್ಗದ ಷಡ್ಡಕ ಹೇಳಿದ್ದ, ಕೈ ಎರಡೂ ಖಾಲಿ ಇರುತ್ತವೆ ಎಂದು. ಕೈ ಖಾಲಿ ಇದ್ದದ್ದು ನಿಜ. ಆದರೆ ಬಗ್ಗಿದೊಡನೆ ಅದು ಹಣೆಯಿಂದ ಜಾರಿ ಮೂಗಿನ ಮೇಲೆ ಕೂರುತ್ತಿತ್ತು. ಎರಡೂ ಕಣ್ಣಿಗೆ ಬೆಳಕು, ಗುಂಡಿಗೆ ಕತ್ತಲೆ. ಮೂರನೆಯದು ಟಾರ್ಚೇ ಅಲ್ಲ, ಮೊಬೈಲು. ಬೆಳಕು ಹಚ್ಚಿ ಅಂಗಿಯ ಜೇಬಿನಲ್ಲಿಟ್ಟು ಬಗ್ಗಿದಾಗ ಸೀದಾ ಗುಂಡಿಯೊಳಗೆ ಬಿತ್ತು. ನೀರಿನ ತಳದಲ್ಲಿ ನಾಲ್ಕು ನಿಮಿಷ ಉರಿಯಿತು. ಆ ಗುಂಡಿಯ ಮೂಲೆ ಮೂಲೆ ಅಷ್ಟು ಚೆನ್ನಾಗಿ ಅವನು ಎಂದೂ ಕಂಡಿರಲಿಲ್ಲ. ಎತ್ತಿಕೊಳ್ಳಲೋ ಬೇಡವೋ ಎಂದು ಅವನು ಯೋಚಿಸುತ್ತಿರುವಾಗಲೇ ಅದೂ ಆರಿತು.

ಕೊನೆಗೆ ಒಂದು ದಿನ ರೋಸಿಹೋಗಿ ದುರ್ಗದ ಬಸ್ಸು ಹತ್ತಿದ. ಸಂತೆಪೇಟೆಯಲ್ಲಿ ಹಾಲೇಶ್ ಎಂಬುವನ ಕರೆಂಟು ಸಾಮಾನಿನ ಅಂಗಡಿ. ಹಾಲೇಶ ಬಾಯಿ ತುಂಬ ಮಾತಾಡುವ ಮನುಷ್ಯ.

“ಬರ್ರಿ ಯಜಮಾನ್ರೆ, ಕುಂತ್ಕಳ್ರಿ. ಇದು ನೋಡ್ರಿ, ಒಂದೂವರೆ ಕಿಲೋಮೀಟರ್ ಹೋಗ್ತದೆ.”

“ನಂಗೆ ಮೂರಡಿ ಹೋದ್ರೆ ಸಾಕು.”

“ಮೂರಡಿಗೆ ಯಾರು ಟಾರ್ಚ್ ತಗಂತಾರ್ರಿ? ಇಲ್ಲಿಂದ ಬಿಟ್ರೆ ಕೋಟೆ ಬತೇರಿ ಮ್ಯಾಲಿನ ಮಂಗ ಕಾಣ್ತದೆ.”

“ಮಂಗನ್ ತಗಂಡು ನಾನೇನ್ ಮಾಡ್ಲಿ? ನನ್ನ ಕೆಲ್ಸ ಗುಂಡಿ ಒಳಗೆ.”

ಇಷ್ಟು ವರ್ಷದ ಸಿಟ್ಟಿನಲ್ಲಿ ಸಣ್ಣತಿಮ್ಮಪ್ಪ ಟಾರ್ಚಿನ ವಿಷಯದಲ್ಲಿ ಪಂಡಿತನಾಗಿಬಿಟ್ಟಿದ್ದ. ದೂರ ಹೋಗುವ ಬೆಳಕು ಅವನಿಗೆ ಬೇಡ. ಅದು ನಡುವೆ ಒಂದು ರೂಪಾಯಿ ಬಿಲ್ಲೆಯಷ್ಟು ಬೆಳಗಿ ಸುತ್ತಲಿನ ಕತ್ತಲನ್ನು ಇನ್ನೂ ಕಪ್ಪು ಮಾಡುತ್ತದೆ. ಹಾವು ಬಿಲ್ಲೆಯ ನಡುವೆ ಬಂದು ಕೂರುವುದಿಲ್ಲ, ಮೂಲೆಯಲ್ಲಿ ಇರುತ್ತದೆ. ಆದ್ದರಿಂದ ಬೆಳಕು ಹರಡಬೇಕು. ಚಾರ್ಜ್ ಮಾಡುವುದು ಬೇಡ, ಊರಿನ ಗೂಡಂಗಡಿಯಲ್ಲಿ ಸಿಗುವ ಸೆಲ್ಲಿನಲ್ಲಿ ಉರಿಯಬೇಕು; ಒಳಗಿನ ಬ್ಯಾಟರಿ ಸತ್ತರೆ ಟಾರ್ಚೇ ಸತ್ತಂತಾಗಬಾರದು. ಗುಂಡಿಯ ಅಂಚಿಗೆ ನೇತು ಹಾಕಲು ಕೊಕ್ಕೆ ಇರಬೇಕು. ಮಡಚದ ಬೆರಳಿಗೂ ಸಿಗುವಂತೆ ಒತ್ತುವ ಸ್ವಿಚ್ಚು ದಪ್ಪಗಿರಬೇಕು. ಬಿದ್ದರೆ ಒಡೆಯಬಾರದು, ನೆನೆದರೆ ಕೆಡಬಾರದು. ಇಷ್ಟನ್ನೂ ಅವನು ಒಂದೇ ಉಸಿರಿಗೆ ಹೇಳಿದಾಗ ಹಾಲೇಶನ ಮುಖದ ಮೇಲಿನ ನಗು ಸ್ವಲ್ಪ ಇಳಿಯಿತು.

“ಇದು ವಾಟರ್‌ಪ್ರೂಫ್. ನೀರಿಗೆ ಬಿದ್ರೂ ಏನೂ ಆಗಲ್ಲ,” ಎಂದು ಒಂದು ಕೆಂಪು ಟಾರ್ಚು ಇಟ್ಟ.

“ಹಂಗಾದ್ರೆ ಒಂದು ಬಕೀಟು ನೀರು ತರ್ಸು.”

“ಯಾಕ್ರಿ?”

“ಏನೂ ಆಗಲ್ಲ ಅಂದ್ಯಲ್ಲ.”

ಬಾಯಿಂದ ಬಿದ್ದ ಮಾತಿಗೆ ಕಟ್ಟುಬಿದ್ದು ಹಾಲೇಶ ಬಕೀಟು ತಂದಿಟ್ಟ. ಕೆಂಪು ಟಾರ್ಚು ಮುಳುಗಿ ಎದ್ದಾಗ ಗಾಜಿನೊಳಗೆ ಅರ್ಧ ನೀರು ಓಲಾಡುತ್ತಿತ್ತು. ಇನ್ನೊಂದು ತಂದ. ಅದು ಎರಡು ಸಲ ಕಣ್ಣು ಮಿಟುಕಿಸಿ ಸುಮ್ಮನಾಯಿತು. ಮೂರನೆಯದು ಹಳದಿ ಬಣ್ಣದ್ದು, ಮೈಗೆ ರಬ್ಬರು, ಬೆನ್ನಿಗೆ ಕೊಕ್ಕೆ. ಅದು ಬಕೀಟಿನ ತಳದಲ್ಲಿ ಕುಳಿತು ನಿಶ್ಚಿಂತೆಯಾಗಿ ಉರಿಯಿತು. ಸಣ್ಣತಿಮ್ಮಪ್ಪ ಅದನ್ನೆತ್ತಿ, ಒರೆಸಿ, ಎಲ್ಲರೂ ನೋಡುತ್ತಿರುವಂತೆ ಅಂಗಡಿಯ ಕಲ್ಲುಮೆಟ್ಟಿಲ ಮೇಲೆ ಎತ್ತಿ ಹಾಕಿದ. ಉರುಳಿಕೊಂಡು ಹೋಗಿ ಚರಂಡಿಯ ಅಂಚಿನಲ್ಲಿ ನಿಂತು ಉರಿಯುತ್ತಲೇ ಇತ್ತು.

ಹಾಲೇಶ ಕೈಮುಗಿದ. “ಯಜಮಾನ್ರೆ, ನೀವು ಟಾರ್ಚ್ ತಗಳಾಕೆ ಬಂದೀರೋ, ನನ್ ಮ್ಯಾಲೆ ಸೇಡು ತೀರ್ಸ್ಕಳಾಕೆ ಬಂದೀರೋ? ನಾನೂರಿಪ್ಪತ್ತು ಇದು. ನಾನೂರು ಕೊಟ್ಟು ಎದ್ದೋಗ್ರಿ, ಪುಣ್ಯ ಬರ್ತದೆ.”

ಆ ಹಳದಿ ಟಾರ್ಚಿನ ಬಗ್ಗೆ ಒಂದು ಮಾತು ಹೇಳಲೇಬೇಕು, ಅದು ಮೋಸ ಮಾಡಲಿಲ್ಲ. ಆರು ತಿಂಗಳಲ್ಲಿ ಎರಡು ಸಲ ಗುಂಡಿಗೆ ಬಿತ್ತು, ಒಂದು ಸಲ ಸೈಕಲ್ಲಿನಿಂದ ಬಿತ್ತು, ಒಂದು ಸಲ ಎಮ್ಮೆ ತುಳಿಯಿತು. ಏನೂ ಆಗಲಿಲ್ಲ. ನೀರನ್ನು ತಡೆಯಿತು, ಕಲ್ಲನ್ನು ತಡೆಯಿತು. ಹುಲ್ಲೇನಹಟ್ಟಿಯನ್ನು ಮಾತ್ರ ತಡೆಯಲು ಅದರ ಕೈಯಲ್ಲಿ ಆಗಲಿಲ್ಲ.

ನೀರುಗಂಟಿ ಮನೆಯಲ್ಲಿ ಒಳ್ಳೇ ಟಾರ್ಚು ಇದೆ ಎಂಬ ಸುದ್ದಿ ಹಬ್ಬಿತು. ಮೊದಲು ಪಕ್ಕದ ಮನೆಯ ಪರಮೇಶ್ ಬಂದ, ಕಣ್ಣಿ ಬಿಚ್ಚಿಕೊಂಡು ಹೋದ ಎಮ್ಮೆ ಹುಡುಕಲು. ಆಮೇಲೆ ರೇಣುಕಾಳ ಮನೆಯವರು, ಕೊನೆಯ ಬಸ್ಸಿಗೆ ಇಳಿಯುವ ನೆಂಟರನ್ನು ಕರೆತರಲು. ಆಮೇಲೆ ಜಂಪಣ್ಣ, ಮೆಕ್ಕೆಜೋಳಕ್ಕೆ ಬೀಳುವ ಹಂದಿ ಓಡಿಸಲು. ಜಂಪಣ್ಣನ ಕೈಗೆ ಹೋದ ಟಾರ್ಚು ಮೂರು ದಿನ ಬಿಟ್ಟು, ಸೆಲ್ಲು ಸತ್ತು, ಮೈಗೆಲ್ಲ ಕೆಸರು ಮೆತ್ತಿಕೊಂಡು ಮನೆಗೆ ಬರುತ್ತಿತ್ತು. ಹಂದಿಗಳು ಮಾತ್ರ ಆರಾಮಾಗಿ ಇದ್ದವು.

ಕೊಡುತ್ತಿದ್ದವಳು ಉಚ್ಚಂಗಮ್ಮ. ದೇವರ ಮುಂದೆ ಮಾತು ತೆಗೆದುಕೊಂಡ ಅದೇ ಉಚ್ಚಂಗಮ್ಮ.

“ಕೇಳಿದ್ರೆ ಹೆಂಗೆ ಇಲ್ಲ ಅನ್ಲಿ?” ಎಂದು ಅವಳೇ ತಿರುಗಿ ಬೀಳುತ್ತಿದ್ದಳು. “ಬೆಳಕು ಕೇಳ್ಕಂಡು ಬಾಗ್ಲಿಗೆ ಬಂದೋರಿಗೆ ಕತ್ತಲಾಗೆ ಹೋಗು ಅನ್ಲಾ?”

“ನನ್ ಕೈ ಕತ್ತಲಾಗೆ ಹೋದ್ರೆ ಅಡ್ಡಿಲ್ಲೇನು?”

“ನೀನೇ ಹೇಳು ಹಂಗಾದ್ರೆ. ನಾನ್ ಹೇಳಲ್ಲ. ನಾಳೆ ನಂಗೂ ಅವರ ಮನೆ ಬಾಗ್ಲಿಗೆ ಹೋಗೋದು ಐತೆ.”

ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವನು ಗೊಣಗಿದ. ಆದರೆ ಅವನೂ ಹೇಳಲಿಲ್ಲ. ಕೊಡಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಟಾರ್ಚು ಇಲ್ಲದಿದ್ದರೆ ಗುಂಡಿಗೆ ಕೈ ಹಾಕಲು ಹೆದರಿಕೆ ಎಂದು ಜಂಪಣ್ಣನ ಎದುರು ಹೇಳುವುದಕ್ಕಿಂತ ಹಾವೇ ವಾಸಿ.

ಟಾರ್ಚು ಊರಾಡಲು ಹೋದ ದಿನ ಅವನು ಎರಡು ಗುಂಡಿಯ ಕೆಲಸ ಮುಗಿಸಿ ಮೂರನೆಯದರ ಪಕ್ಕದಲ್ಲಿ ಬೀಡಿ ಹಚ್ಚಿಕೊಂಡು ಕೂರುತ್ತಿದ್ದ. ಬೆಳಗಾಗುವುದನ್ನೇ ಕಾಯುತ್ತಿದ್ದ. ಗುಂಡಿಯ ಎದುರಿಗೇ ಗಿರಿಯಮ್ಮನ ಮನೆ. ಗಿರಿಯಮ್ಮ ಅರವತ್ತು ದಾಟಿದ ಹೆಂಗಸು. ಏಳು ಗಂಟೆಗೆ ಕೂಲಿಗೆ ಹೊರಡಬೇಕು, ಅಷ್ಟರೊಳಗೆ ನಾಲ್ಕು ಕೊಡ ತುಂಬಬೇಕು. ಅವಳ ಬಾಯಿಗೆ ಹೆದರಿ ಮೂರನೇ ಬೀದಿಯ ನಾಯಿಗಳೂ ಎರಡನೇ ಬೀದಿಯಲ್ಲಿ ಮಲಗುತ್ತವೆ.

“ತಿಮ್ಮಪ್ಪ, ನೀನು ನೀರು ಬಿಡಾಕೆ ಬಂದೀಯೋ, ಗುಂಡಿ ಕಾಯಾಕೆ ಬಂದೀಯೋ?”

“ವಾಲ್ವ್ ಬಿಗಿ ಹಿಡ್ದೈತೆ ಗಿರಿಯಕ್ಕ.”

“ವಾಲ್ವ್ ಬಿಗಿ ಹಿಡ್ದೈತೋ, ನಿನ್ ಸೊಂಟ ಬಿಗಿ ಹಿಡ್ದೈತೋ? ಕುಂತ್ರೆ ಬಿಡ್ತದೇನು ಅದು? ಪಗಾರ ತಗಳಾಕೆ ಬರ್ತದೆ, ಬಗ್ಗಾಕೆ ಬರಲ್ಲ.”

ಇಂಥ ಒಂದು ಬೆಳಿಗ್ಗೆ, ಅವಳ ಬೈಗುಳ ತಾಳಲಾರದೆ, ಅವನು ಹಲ್ಲು ಕಚ್ಚಿ ಬಲಗೈಯನ್ನು ಕತ್ತಲೆಗೆ ಇಳಿಬಿಟ್ಟ. ಮೊಣಕೈಯವರೆಗೆ ಹೋಯಿತು. ಆಮೇಲೆ ಹೋಗಲಿಲ್ಲ. ತೋಳು ತನ್ನದಲ್ಲ ಎಂಬಂತೆ ತಾನಾಗಿ ಮೇಲೆ ಬಂತು. ಅಂದು ಮನೆಗೆ ಬಂದವನೇ ತೀರ್ಮಾನ ಮಾಡಿದ, ಟಾರ್ಚು ಮನೆಯಲ್ಲಿ ಉಳಿಯುವಂತೆ ಏನಾದರೂ ಮಾಡದಿದ್ದರೆ ಒಂದೋ ಕೆಲಸ ಹೋಗುತ್ತದೆ, ಇಲ್ಲವೇ ಕೈ ಹೋಗುತ್ತದೆ.

ಉಪಾಯ ಹೊಳೆದದ್ದು ಸಾಯಂಕಾಲ. ಪರಮೇಶನ ಹೆಂಡತಿ ಹೆಪ್ಪು ಕೇಳಲು ಬಂದಳು. ಉಚ್ಚಂಗಮ್ಮ ಮುಖ ಮುರಿಯದೆ, ಸಂಕೋಚವೂ ಇಲ್ಲದೆ, “ದೀಪ ಹಚ್ಚಿ ಆತಲ್ಲೇ, ನಾಳೆ ಬಾ,” ಎಂದು ಕಳಿಸಿಬಿಟ್ಟಳು. ಬಂದವಳೂ ಬೇಸರ ಮಾಡಿಕೊಳ್ಳಲಿಲ್ಲ. ದೀಪ ಹಚ್ಚಿದ ಮೇಲೆ ಉಪ್ಪು, ಹೆಪ್ಪು, ಸೂಜಿ, ಸುಣ್ಣ ಹೊರಗೆ ಕೊಡುವಂತಿಲ್ಲ. ಕೊಟ್ಟರೆ ಮನೆಯ ಲಕ್ಷ್ಮಿ ಜೊತೆಗೇ ಹೋಗುತ್ತಾಳೆ. ಯಾರೂ ಯಾಕೆ ಎಂದು ಕೇಳುವುದಿಲ್ಲ. ಸಣ್ಣತಿಮ್ಮಪ್ಪ ಮುದ್ದೆ ಮುರಿಯುವುದನ್ನು ಬಿಟ್ಟು ಹಾಗೇ ಕುಳಿತ. ನಾಲ್ಕು ಚಿಟಿಕೆ ಉಪ್ಪಿಗೆ ಇರುವ ಕಾವಲು ನಾನೂರು ರೂಪಾಯಿ ಟಾರ್ಚಿಗೆ ಯಾಕಿಲ್ಲ?

ಮರುದಿನ ಎಲೆ ಅಡಿಕೆ ಕಟ್ಟಿಕೊಂಡು ಮಲ್ಲಕ್ಕನ ಮನೆಗೆ ಹೋದ. ಮಲ್ಲಕ್ಕನಿಗೆ ಎಂಬತ್ತರ ಮೇಲೆ. ಯಾವ ವಾರ ಬಾಣಂತಿಗೆ ನೀರು ಹಾಕಬೇಕು, ಯಾವ ದಿನ ಕಣಜದ ಬಾಯಿ ತೆಗೆಯಬಾರದು, ಎಲ್ಲದಕ್ಕೂ ಊರು ಅವಳ ಬಾಯಿ ನೋಡುತ್ತದೆ.

ಟಾರ್ಚಿಗೂ ಅಂಥದ್ದೊಂದು ಶಾಸ್ತ್ರ ಹೇಳು ಎಂದದ್ದನ್ನು ಕೇಳಿ ಮಲ್ಲಕ್ಕ ಅಂದಳು, “ನಮ್ ಕಾಲದಾಗೆ ಟಾರ್ಚೇ ಇರ್ಲಿಲ್ಲ. ಇಲ್ಲದ್ದಕ್ಕೆ ಶಾಸ್ತ್ರ ಎಲ್ಲಿಂದ ತರ್ಲಪ್ಪ?”

“ದೀಪಕ್ಕೆ ಐತಲ್ಲಜ್ಜಿ. ದೀಪ ಹಚ್ಚಿದ ಮ್ಯಾಲೆ ಮನೆ ದೀಪ ಆಚೆ ಕೊಡ್ತೀವಾ? ಟಾರ್ಚೂ ದೀಪಾನೇ.”

“ದೀಪ ಅಂದ್ರೆ ಎಣ್ಣೆ ಎಲ್ಲೈತೆ? ಬತ್ತಿ ಎಲ್ಲೈತೆ?”

“ಸೆಲ್ಲೇ ಎಣ್ಣೆ ಅಂದ್ಕ.”

“ಈಗ ಯಾಕ್ ಬಂತು ನಿಂಗೆ ಈ ಉಸಾಬರಿ?”

“ಸುಮ್ನೆ. ಮನೆಗೆ ಒಳ್ಳೇದಾಗ್ಲಿ ಅಂತ.”

ಮಲ್ಲಕ್ಕ ಅಡಿಕೆ ಕುಟ್ಟುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಆಮೇಲೆ ಪಂಚೆಯ ಮೇಲಿಟ್ಟಿದ್ದ ಅವನ ಎಡಗೈ ನೋಡಿದಳು. “ಆತು, ಹೋಗು. ಹೇಳ್ತೀನಿ,” ಅಂದಳು.

ಮರುದಿನ ಬೆಳಿಗ್ಗೆ ಡೈರಿ ಮುಂದೆ, ಹಾಲಿನ ಕ್ಯಾನು ಹಿಡಿದು ನಿಂತವರ ನಡುವೆ, ಮಲ್ಲಕ್ಕ ದೊಡ್ಡ ದನಿಯಲ್ಲಿ ಹೇಳಿದಳು. ದೀಪ ಹಚ್ಚಿದ ಹೊತ್ತಿನಿಂದ ಸೂರ್ಯ ಹುಟ್ಟುವವರೆಗೆ ಟಾರ್ಚನ್ನು ಮನೆಯಿಂದ ಆಚೆ ಕೊಡಬಾರದು. ಅದೂ ದೀಪವೇ. ಕೊಟ್ಟರೆ ಲಕ್ಷ್ಮಿ ಟಾರ್ಚಿನ ಬೆಳಕಲ್ಲೇ ದಾರಿ ನೋಡಿಕೊಂಡು ಹೋಗುತ್ತಾಳೆ. ಸಣ್ಣತಿಮ್ಮಪ್ಪ ಸಾಲಿನ ಕೊನೆಯಲ್ಲಿ ನಿಂತು ನೋಡುತ್ತಿದ್ದ. ಯಾರಾದರೂ ನಗುತ್ತಾರೆ, ಯಾರಾದರೂ ವಾದ ಮಾಡುತ್ತಾರೆ ಎಂದುಕೊಂಡಿದ್ದ. ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಹಸಿ ಕಸ ಒಣ ಕಸ ಬೇರೆ ಮಾಡಿ ಎಂದು ಪಂಚಾಯ್ತಿ ಎರಡು ವರ್ಷದಿಂದ ಮೈಕು ಹಚ್ಚಿ ಕೂಗಿದರೂ ಕೇಳದ ಊರು, ಅಂದು ಸಂಜೆಯಿಂದಲೇ ಟಾರ್ಚು ಕೇಳುವುದನ್ನು ಬಿಟ್ಟಿತು. ಇಂಥ ದಡ್ಡರ ಊರಿನಲ್ಲಿ ಹುಟ್ಟಿದೆನಲ್ಲ ಎಂದು ಅವನಿಗೆ ಒಳಗೊಳಗೇ ನಗು. ಜೊತೆಗೆ ಸ್ವಲ್ಪ ನಾಚಿಕೆಯೂ ಆಯಿತು.

ಹನ್ನೆರಡು ದಿನ ಸುಖವಾಗಿದ್ದ. ಟಾರ್ಚು ಬಾಗಿಲ ಮೂಲೆಯಲ್ಲಿ, ಸೆಲ್ಲು ಗಟ್ಟಿ, ಗುಂಡಿಯ ನಾಲ್ಕು ಮೂಲೆಯೂ ಕಾಣುತ್ತಿದ್ದವು. ನೀರು ಹೊತ್ತಿಗೆ ಸರಿಯಾಗಿ ಬಂತು. ಗಿರಿಯಮ್ಮ ಬೈಯಲು ಬೇರೆ ಜನ ಹುಡುಕಿಕೊಂಡಳು.

ಹದಿಮೂರನೆಯ ದಿನ ರಾತ್ರಿ ಊಟಕ್ಕೆ ಕೂತಿದ್ದಾಗ ಜಂಪಣ್ಣ ಬಾಗಿಲಲ್ಲಿ ಕಾಣಿಸಿಕೊಂಡ.

“ಜಂಪಣ್ಣ, ದೀಪ ಹಚ್ಚಿ ಆತು. ಟಾರ್ಚ್ ಕೊಡಂಗಿಲ್ಲ.”

“ಟಾರ್ಚ್ ಯಾರಿಗ್ ಬೇಕಪ್ಪ? ನೀನೇ ಬಾ.”

“ಏನು?”

“ಮನೆಯೋರ ಕೈಯಾಗೇ ಇದ್ರೆ ದೋಷ ಇಲ್ಲಂತೆ. ಮಲ್ಲಕ್ಕನ್ ಕೇಳ್ಕಂಡೇ ಬಂದೀನಿ. ಹೋಗಾಣ ನಡಿ, ಹಂದಿ ಬಂದ್ಬಿಡ್ತವೆ.”

ಕೊಡುವುದಿಲ್ಲ ಅನ್ನಲು ಶಾಸ್ತ್ರವಿತ್ತು. ಬರುವುದಿಲ್ಲ ಅನ್ನಲು ಯಾವ ಶಾಸ್ತ್ರವೂ ಇರಲಿಲ್ಲ. ಅರ್ಧ ಮುದ್ದೆ ಬಿಟ್ಟು ಎದ್ದ. ಅಂದಿನಿಂದ ಶುರುವಾಯಿತು. ಪರಮೇಶನ ಎಮ್ಮೆಗೆ ಸಣ್ಣತಿಮ್ಮಪ್ಪ, ರೇಣುಕಾಳ ನೆಂಟರಿಗೆ ಸಣ್ಣತಿಮ್ಮಪ್ಪ, ಫ್ಯೂಸು ಹೋದ ಮನೆಗೆಲ್ಲ ಸಣ್ಣತಿಮ್ಮಪ್ಪ. ಐದನೇ ಬೀದಿಯ ತಿಪ್ಪಮ್ಮನ ಮಗಳ ಮದುವೆ ಶಾಸ್ತ್ರದ ದಿನ ಕರೆಂಟು ಹೋಗಿ, ಅಡುಗೆಯವರಿಗೆ ಒಲೆ ಕಾಣಲಿ ಎಂದು ಒಂದೂವರೆ ಗಂಟೆ ಹೊಗೆಯಲ್ಲಿ ಕೈ ಎತ್ತಿಕೊಂಡು ನಿಂತ. ಕಣ್ಣು ಉರಿದು, ತೋಳು ಸೋತು, ಊಟಕ್ಕೆ ಮಾತ್ರ ಕೊನೆಯ ಪಂಕ್ತಿ. ಈಗಲಾದರೂ ಪಂಚಾಯ್ತಿಯಲ್ಲಿ ತನಗೆ ಬೀದಿ ದೀಪದ ಲೆಕ್ಕಶೀರ್ಷಿಕೆ ಸಿಗಬಹುದು ಅಂದುಕೊಂಡ. ಮೊದಲು ಟಾರ್ಚು ಒಂದೇ ಊರಾಡುತ್ತಿತ್ತು, ಅವನು ಮನೆಯಲ್ಲಿ ಮಲಗಿರುತ್ತಿದ್ದ.

“ಮಾಡಿದ್ದುಣ್ಣೋ ಮಹರಾಯ,” ಅಂದಳು ಉಚ್ಚಂಗಮ್ಮ. ಅವಳ ದನಿಯಲ್ಲಿ ಕನಿಕರ ಇರಲಿಲ್ಲ. ನಗುವನ್ನು ಅದುಮಿಟ್ಟುಕೊಂಡಂತೆ ಇತ್ತು. ಇದು ಅವನನ್ನು ಇನ್ನಷ್ಟು ಉರಿಸಿತು.

ಕಾರ್ತೀಕ ಕಳೆದ ಮೇಲೆ ಒಂದು ಬೆಳಿಗ್ಗೆ. ಹಿಂದಿನ ರಾತ್ರಿ ಜಂಪಣ್ಣನ ಹೊಲದಲ್ಲಿ ಹತ್ತು ಗಂಟೆವರೆಗೆ ಹಂದಿ ಕಾಯ್ದಿದ್ದ. ಸೆಲ್ಲು ಸೊರಗಿದ್ದು ಗೊತ್ತಿತ್ತು, ಗೂಡಂಗಡಿ ಮುಚ್ಚಿತ್ತು. ಇವತ್ತೊಂದು ದಿನ ನಡೆದೀತು ಎಂದು ಹೊರಟ. ಎರಡು ಗುಂಡಿಯ ಕೆಲಸ ಕತ್ತಲಲ್ಲೇ ಕೀಲಿಯಿಂದ ಮುಗಿಯಿತು. ಮೂರನೇ ಗುಂಡಿಯ ಅಂಚಿಗೆ ಟಾರ್ಚಿನ ಕೊಕ್ಕೆ ಸಿಕ್ಕಿಸಿ, ಮಂಡಿಯೂರಿ, ಮಂಕು ಬೆಳಕಿನಲ್ಲಿ ಮೂಲೆಗಳನ್ನು ನೋಡಿ, ಬಲಗೈ ಇಳಿಬಿಟ್ಟ. ಚಕ್ರ ಸಿಕ್ಕಿತು. ಒಂದು ಸುತ್ತು ತಿರುಗಿಸಿದ. ಎರಡನೇ ಸುತ್ತಿನ ನಡುವೆ ಬೆಳಕು ಕೆಂಪಗಾಗಿ ಆರಿಹೋಯಿತು.

ಅದೇ ಗಳಿಗೆಗೆ ಮಣಿಕಟ್ಟಿಗೆ ತಣ್ಣಗೆ ಏನೋ ತಾಗಿತು.

ಕೈ ಕಿತ್ತುಕೊಂಡ ರಭಸಕ್ಕೆ ಹಿಂದಕ್ಕೆ ಬಿದ್ದ. ಮೊಣಕೈ ಕಲ್ಲಿಗೆ ತರಚಿತು. ಮಣ್ಣಿನಲ್ಲೇ ಕುಳಿತು, ಕತ್ತಲಲ್ಲಿ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದ. ಐದೂ ಮಡಚಿದವು. ಮಣಿಕಟ್ಟನ್ನು ತುಟಿಗೆ ಒತ್ತಿ, ಗಾಯವಿದೆಯೇ ಎಂದು ನಾಲಿಗೆಯಿಂದ ಹುಡುಕಿದ. ಏನೂ ಇರಲಿಲ್ಲ. ಕಪ್ಪೆಯೋ, ನೀರಿನ ಪಾಚಿಯೋ. ಆದರೂ ಐವತ್ತೆಂಟು ವರ್ಷದ ಗಂಡಸು ಬೀದಿಯಲ್ಲಿ ಕುಳಿತು ಮತ್ತೊಮ್ಮೆ ಬೆರಳು ಮಡಚಿ ಎಣಿಸಿದ. ತನ್ನ ಮೇಲೆ, ಜಂಪಣ್ಣನ ಮೇಲೆ, ಪಂಚಾಯ್ತಿಯ ಮೇಲೆ, ಹಂದಿಗಳ ಮೇಲೆ ಅವನಿಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಎದುರು ಮನೆಯ ಬಾಗಿಲು ತೆರೆದಿತ್ತು. ಗಿರಿಯಮ್ಮ ಕಸ ಗುಡಿಸುತ್ತಿದ್ದಳು.

“ಗಿರಿಯಕ್ಕ, ಟಾರ್ಚ್ ಐತೇನು? ಐದು ನಿಮಿಷ ಕೊಡು.”

ಅವಳು ಪೊರಕೆ ನಿಲ್ಲಿಸದೆ ಅಂದಳು, “ಸೂರ್ಯ ಹುಟ್ಟಿಲ್ಲ. ಕೊಡಂಗಿಲ್ಲ.”

“ನಮ್ಮ ಸೆಲ್ಲು ಹೋತು. ಅರ್ಧ ತಿರುಗ್ಸೀನಿ. ನಿಮ್ ಬೀದಿಗೇ ನೀರು ಬರಬೇಕಾಗಿರೋದು.”

“ನೀರು ನಾಳೆನೂ ಬರ್ತದೆ. ಲಕ್ಷ್ಮಿ ಹೋದ್ರೆ ಬರಲ್ಲ.”

ಅವನಿಗೆ ತಡೆಯಲಾಗಲಿಲ್ಲ. “ಸುಳ್ಳು ಕಣಕ್ಕ ಅದು. ಶಾಸ್ತ್ರನೂ ಇಲ್ಲ, ಮಣ್ಣೂ ಇಲ್ಲ. ಎಲೆ ಅಡಿಕೆ ಕೊಟ್ಟು ನಾನೇ ಮಲ್ಲಕ್ಕನ ಬಾಯಲ್ಲಿ ಹೇಳ್ಸಿದ್ದು.”

“ಗೊತ್ತು ಬಿಡು.”

“ಏನ್ ಗೊತ್ತು?”

“ನೀನ್ ಹೋಗಿದ್ದು ಗೊತ್ತು. ಅವತ್ತು ಸಾಯಂಕಾಲನೇ ಮಲ್ಲಕ್ಕ ನಮ್ಮನ್ನೆಲ್ಲ ಕರ್ದು ಕುಂಡ್ರಿಸ್ಕಂಡು ಹೇಳಿದ್ಲು. ನಿನ್ ಹೆಂಡ್ತೀನೂ ಇದ್ಲು.” ಗಿರಿಯಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿದಳು. “ತಿಮ್ಮಪ್ಪ ಗುಂಡಿಗೆ ಕೈ ಹಾಕಾಕೆ ಹೆದರ್ತಾನೆ. ಬಾಯಿ ಬಿಟ್ಟು ಹೇಳಲ್ಲ. ಅವನು ಹೇಳ್ಲಿ ಅಂತ ಕಾದ್ರೆ ಇನ್ನೊಂದು ಕೈನೂ ಹೋಗ್ತದೆ. ಅದಕ್ಕೆ ಎಲ್ರೂ ಹೂಂ ಅಂದ್ಬಿಡ್ರಿ, ಟಾರ್ಚ್ ಅವನ ಮನೆಯಾಗೇ ಇರ್ಲಿ ಅಂದ್ಲು.”

ಸಣ್ಣತಿಮ್ಮಪ್ಪ ಪಂಚೆಗೆ ಮೆತ್ತಿದ ಮಣ್ಣು ಕೊಡವಿಕೊಂಡ. ಡೈರಿಯ ಮುಂದೆ ತುಟಿ ಬಿಚ್ಚದೆ ನಿಂತಿದ್ದ ಅಷ್ಟೂ ಮುಖಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ದಡ್ಡರು ಅಂದುಕೊಂಡಿದ್ದ ಮುಖಗಳು. ಕೊನೆಗೆ ಅವನಿಗೆ ಸಿಕ್ಕಿದ್ದು ಒಂದು ಜಗಳದ ಮಾತು.

“ಮತ್ತೆ ಊರ್ ತುಂಬ ನನ್ನ ಎಳ್ಕಂಡು ತಿರುಗಿದ್ರಲ್ಲ?”

“ನಿನ್ ಜೊತಿಗೆ ಹೋದ ಟಾರ್ಚು ನಿನ್ ಜೊತಿಗೇ ವಾಪಸ್ ಬರ್ತದೆ. ಜಂಪಣ್ಣನ ಕೈಗೆ ಕೊಟ್ರೆ ಮೂರು ದಿನ.”

“ನೀನು ದಿನಾ ಬೈತಿದ್ದಿ.”

“ನೀರು ತಡ ಆದ್ರೆ ಬೈಬ್ಯಾಡ್ವಾ? ಅದು ಬ್ಯಾರೆ.”

“ಗೊತ್ತಿದ್ರೆ ಒಂದ್ ಮಾತು ಹೇಳ್ಬೋದಿತ್ತಲ್ಲಕ್ಕ.”

“ನೀನ್ ಹೇಳಿದ್ಯಾ?”

ಗಿರಿಯಮ್ಮ ಒಳಗೆ ಹೋಗಿ ಒಂದು ಹಳೆಯ ಟಾರ್ಚು ಹಿಡಿದು ಬಂದಳು. ಅವನು ಕೈ ಚಾಚಿದ. ಅವಳು ಕೊಡಲಿಲ್ಲ.

“ಇವತ್ತು ನಿಂಗೆ ಕೊಟ್ರೆ ನಾಳೆ ಜಂಪಣ್ಣ ನಿನ್ ಟಾರ್ಚ್ ಕೇಳ್ತಾನೆ. ಶಾಸ್ತ್ರ ಅಂದ್ಮ್ಯಾಲೆ ಶಾಸ್ತ್ರ. ನಡಿ, ನಾನೇ ಬರ್ತೀನಿ.”

ಗೊಣಗುತ್ತ ಬೀದಿ ದಾಟಿ ಬಂದಳು. ಮಂಡಿ ನೋವು, ಕೂಲಿಗೆ ಹೊತ್ತಾಯಿತು, ಈ ವಯಸ್ಸಿನಲ್ಲಿ ನೀರುಗಂಟಿಗೂ ತಾನೇ ದೀಪ ಹಿಡಿಯಬೇಕು ಎಂದೆಲ್ಲ ಹೇಳುತ್ತಲೇ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ಪಕ್ಕದಲ್ಲಿದ್ದ ಜಾಲಿ ಕಡ್ಡಿ ತೆಗೆದುಕೊಂಡು ಒಂದೊಂದೇ ಮೂಲೆಗೆ ಚುಚ್ಚಿದಳು. ಒಂದು ಕಪ್ಪೆ ಹಾರಿ ಹೊರಗೆ ಹೋಯಿತು. ವಾಲ್ವಿನ ಅಡಿ ಚುಚ್ಚಿದಳು, ಪೈಪಿನ ಹಿಂದೆ ಚುಚ್ಚಿದಳು. ಮತ್ತೊಮ್ಮೆ ಮೊದಲಿನಿಂದ ಎಲ್ಲ ಕಡೆ ಚುಚ್ಚಿದಳು.

“ಈಗ ಹಾಕು,” ಅಂದಳು.

ಅವನು ಮಂಡಿಯೂರಿ ಬಗ್ಗಿದ. ಗುಂಡಿ, ಚಕ್ರ, ನೀರು, ಎಲ್ಲ ಒಂದಕ್ಕೊಂದು ಕಲೆಸಿಹೋಗಿ ಯಾವುದೂ ನೆಟ್ಟಗೆ ಕಾಣಲಿಲ್ಲ.

“ಸರಿಯಾಗಿ ಹಿಡಿಯಕ್ಕ, ಏನೂ ಕಾಣವಲ್ದು,” ಎಂದು ಗದರಿದ.

“ಸರಿಯಾಗೇ ಹಿಡ್ದೀನಿ,” ಅಂದಳು ಗಿರಿಯಮ್ಮ. “ನೀನು ಮೊದ್ಲು ಕಣ್ಣು ಒರೆಸ್ಕ.”

ಅವನು ತೋಳಿನಿಂದ ಕಣ್ಣು ಒರೆಸಿಕೊಂಡು ಬಲಗೈಯನ್ನು ಗುಂಡಿಗೆ ಇಳಿಬಿಟ್ಟ.